ಪುಷ್ಪಕ್ಕ ಕೇಳಿದ ಸಂತೋಷದ ಪ್ರಶ್ನೆಗಳು

ಸತ್ತೇಗಾಲದ ಪುಷ್ಪ ಯಾರ ಮನೆಯ ಜಗಲಿ ಹತ್ತಿದರೂ ಆ ಮನೆಯವರು ಮೊದಲು ಕೇಳುವ ಮಾತು ಒಂದೇ: “ಈ ಸಲ ಏನ ಎಣ್ಸಕ್ಕೆ ಬಂದೆ ಪುಷ್ಪಕ್ಕ?”

ಅವಳು ಎಣಿಸದೆ ಬಿಟ್ಟದ್ದು ಕಡಿಮೆಯೇ. ಕೊಳ್ಳೇಗಾಲ, ಹನೂರು, ಯಳಂದೂರು ಕಡೆ ಯಾವ ಸಮೀಕ್ಷೆ ಬಂದರೂ ಹದಿನೆಂಟು ವರ್ಷದಿಂದ ಅವಳಿಗೆ ಕರೆ ಬರುತ್ತದೆ. ದನ ಎಣಿಸಿದ್ದಾಳೆ, ಕುರಿ ಎಣಿಸಿದ್ದಾಳೆ, ಕೊಳವೆಬಾವಿ, ಪಾಯಿಖಾನೆ, ಶಾಲೆ ಬಿಟ್ಟ ಮಕ್ಕಳು, ಕಣ್ಣಿಗೆ ಪೊರೆ ಬಂದ ಮುದುಕರು, ಎಲ್ಲವನ್ನೂ ಎಣಿಸಿದ್ದಾಳೆ. ಗಂಡ ಶಾಂತರಾಜು ಒಂದೆಕರೆ ಕಬ್ಬು, ಗದ್ದೆ ಬದುವಿನ ಹತ್ತಾರು ತೆಂಗು ನೋಡಿಕೊಂಡಿದ್ದರೆ, ಪುಷ್ಪ ಹೆಗಲಿಗೊಂದು ಚೀಲ ಹಾಕಿಕೊಂಡು ಊರೂರು ತಿರುಗುತ್ತಾಳೆ. ಬೀಗ ಹಾಕಿದ ಮನೆಯಿದ್ದರೆ ಮೂರು ಸಲ ಹೋಗುತ್ತಾಳೆ. ಕೋಳಿ ಎಷ್ಟು ಎಂದು ಕೇಳಿ ಅವರು ಹೇಳಿದ್ದನ್ನು ಬರೆದುಕೊಂಡು ಬರುವವಳಲ್ಲ. ಸಂಜೆ ಅವು ಗೂಡು ಸೇರುವ ಹೊತ್ತಿಗೆ ಹೋಗಿ ನಿಂತು ಎಣಿಸುವವಳು.

ಹುಟ್ಟಿದ್ದು ಹೂಗ್ಯಂನಲ್ಲಿ. ಕಾಡಂಚಿನ ಊರು, ಅರ್ಧ ಬೀದಿ ಕನ್ನಡ, ಅರ್ಧ ಬೀದಿ ತಮಿಳು. ಹನೂರಿನಲ್ಲಿ ಪಿಯುಸಿ ಓದಿದಳು. ಇಂಗ್ಲಿಷಿನಲ್ಲಿ ಮಾತ್ರ ಹೇಗೋ ಏದುಸಿರು ಬಿಟ್ಟುಕೊಂಡು ದಡ ಸೇರಿದಳು. ಮದುವೆಯಾಗಿ ಕಾವೇರಿ ಬಯಲಿನ ಸತ್ತೇಗಾಲಕ್ಕೆ ಬಂದಾಗ, ಆನೆಯ ಭಯವಿಲ್ಲದೆ ಹೊಲಕ್ಕೆ ಹೋಗಬಹುದಲ್ಲ ಎಂದು ಎಷ್ಟೋ ದಿನ ಅಚ್ಚರಿಪಟ್ಟಿದ್ದಳು.

ಇಂಥ ಪುಷ್ಪಳಿಗೆ ಹೋದ ವರ್ಷ ಅವರೆಕಾಯಿ ಕಾಲದಲ್ಲಿ ಒಂದು ಹೊಸ ಸಮೀಕ್ಷೆ ಬಂತು.

ತರಬೇತಿಗೆ ಕೊಳ್ಳೇಗಾಲಕ್ಕೆ ಕರೆದಿದ್ದರು. ಇಪ್ಪತ್ತು ಜನ ಸೇರಿದ್ದರು. ಮೇಲ್ವಿಚಾರಕ ಬಿಳಿಗಿರಿ, ಯಳಂದೂರಿನ ಹುಡುಗ, ಮೂವತ್ತೈದು ಇರಬಹುದು. ಕೆಲಸದಲ್ಲಿ ಬಲು ಕಟ್ಟುನಿಟ್ಟು.

“ಇದು ದನ ಎಣಿಸೋ ಸರ್ವೆ ಅಲ್ಲ,” ಅಂದ. “ಜನ ಸಂತೋಷವಾಗಿದಾರಾ ಇಲ್ವಾ ಅಂತ ಕೇಳೋ ಸರ್ವೆ. ಪುಣೆಯ ಒಂದು ಸಂಸ್ಥೆ ಮಾಡಿಸ್ತಿದೆ.”

ಎಲ್ಲರೂ ಗೊಳ್ಳೆಂದು ನಕ್ಕರು. ಪುಷ್ಪ ನಗಲಿಲ್ಲ. “ಸಾ, ಸಂತೋಷನ ಎಂಗ್ ಸಾ ಎಣ್ಸದು?” ಎಂದು ಕೇಳಿದಳು.

“ಎಣಿಸೋದು ಅವರ ಕೆಲಸ ಪುಷ್ಪಕ್ಕ. ನೀವು ಟ್ಯಾಬ್ ನೋಡ್ಕೊಂಡು ಓದಿ, ಜನ ಹೇಳಿದ್ದನ್ನ ಒತ್ತಿ. ಒಂದಕ್ಷರ ಆಚೆ ಈಚೆ ಆಗಂಗಿಲ್ಲ. ನೂರು ಊರಲ್ಲಿ ಒಂದೇ ಥರ ಕೇಳಿದ್ರೆ ತಾನೆ ಲೆಕ್ಕ ಸರಿಬರೋದು?”

ಅದು ನ್ಯಾಯವೇ ಅನ್ನಿಸಿತು ಅವಳಿಗೆ.

ಮೊದಲ ದಿನ ಧನಗೆರೆ. ಅಲ್ಲಿ ಚಿಕ್ಕಮಾದಮ್ಮ ಎಂಬ ಎಪ್ಪತ್ತರ ಮುದುಕಿ ಬಾಗಿಲ ಮುಂದೆ ಮೊರ ಹಿಡಿದು ರಾಗಿ ಕೇರುತ್ತಿದ್ದಳು. ಪುಷ್ಪ ಪಕ್ಕದಲ್ಲಿ ಕೂತು ಟ್ಯಾಬ್ ತೆಗೆದಳು. ಮೇಲೆ ಇಂಗ್ಲಿಷು, ಅದರ ಕೆಳಗೆ ಕನ್ನಡ. ಆರು ಪ್ರಶ್ನೆ.

“ಕಳೆದ ಒಂದು ತಿಂಗಳಲ್ಲಿ ನೀವು ಸಂತೋಷವಾಗಿದ್ದೀರಾ?”

ಮುದುಕಿ ಮೊರ ಕೆಳಗಿಟ್ಟು ಹಿಂದೆ ತಿರುಗಿ ನೋಡಿದಳು, ಮನೆಯೊಳಗೆ ಯಾರಾದರೂ ಕೇಳಿಸಿಕೊಂಡರೋ ಎಂಬಂತೆ. “ಗಂಡ ಸತ್ತು ಇನ್ನೂ ವರ್ಸ ತುಂಬಿಲ್ಲ ಕಣವ್ವ. ಸಂತೋಸವಾಗಿದ್ದೀನಿ ಅಂದ್ರೆ ಕೇಳ್ದೋರು ಏನಂದಾರು? ಇಲ್ಲ ಅಂತ ಬರ್ಕೊ.”

“ನೀವು ಸಂತೋಷಪಟ್ಟಿದ್ದೀರಾ?”

“ಈಗ ತಾನೆ ಏಳ್ನಲ್ಲ.”

“ನೀವು ಸಂತೋಷಗೊಂಡಿದ್ದೀರಾ?”

“ಏನ್ ತಾಯಿ, ಒಂದೇ ಬಾಗ್ಲ ಎಷ್ಟ್ ಸಲ ತಟ್ಟೀಯೆ?”

ನಾಲ್ಕನೆಯದೂ ಸಂತೋಷವೇ, ಬರೀ ‘ಬಹಳ’ ಅಂತ ಸೇರಿಸಿದ್ದರು. ಐದನೆಯದಕ್ಕೆ ಬಂದಾಗ ಪುಷ್ಪಳ ನಾಲಿಗೆಯೇ ತಡವರಿಸಿತು. ಅಲ್ಲಿ ಹೀಗಿತ್ತು: “ನೀವು ವಿಷಯವೇ?”

“ಏನ್ ವಿಸ್ಯ?” ಅಂದಳು ಚಿಕ್ಕಮಾದಮ್ಮ.

ಏನು ವಿಷಯವೆಂದು ಪುಷ್ಪಳಿಗೂ ಗೊತ್ತಿರಲಿಲ್ಲ. ಅವಳ ಮುಖ ನೋಡಿ ಮುದುಕಿಗೇ ಕನಿಕರವಾಯಿತು. “ಓಗ್ಲಿ ಬುಡು. ಯಾರೋ ಏಳ್ಕೊಟ್ಟದ್ದ ನೀ ಏಳ್ತಾ ಇದ್ದೀಯೆ, ಪಾಪ. ಮಜ್ಜಿಗೆ ಕುಡ್ಕೊಂಡು ಓಗು.”

ಆ ದಿನ ಹದಿನಾಲ್ಕು ಮನೆ ಆಯಿತು. ಹದಿನಾಲ್ಕರಲ್ಲೂ ಇದೇ ಕತೆ. ಮೊದಲ ನಾಲ್ಕಕ್ಕೂ ಒಂದೇ ಉತ್ತರ, ಐದನೆಯದಕ್ಕೆ ಪಿಳಿಪಿಳಿ ಕಣ್ಣು, ಆರನೆಯದಕ್ಕೆ ಬರೀ ‘ಇಲ್ಲ’. ಬಿಳಿಗಿರಿ ಹೇಳಿದ್ದನ್ನು ನೆನೆದುಕೊಂಡು ಪುಷ್ಪ ಓದುತ್ತ ಹೋದಳು, ಒತ್ತುತ್ತ ಹೋದಳು. ಸಂಜೆ ಮನೆಗೆ ಬರುವಾಗ, ಇಷ್ಟು ವರ್ಷದಲ್ಲಿ ಮೊದಲನೇ ಸಲ, ಸುಳ್ಳು ಲೆಕ್ಕ ಬರೆದುಕೊಂಡು ಬಂದ ಹಾಗೆ ಮನಸ್ಸು ಕಸಿವಿಸಿಗೊಂಡಿತ್ತು.

ನಿಜವಾದ ಪಜೀತಿ ಕಾದಿದ್ದದ್ದು ಮೂರನೆಯ ದಿನ, ಹೂಗ್ಯಂನಲ್ಲಿ, ಆರನೆಯ ಪ್ರಶ್ನೆಯಲ್ಲಿ.

ತವರೂರು. ಮೊದಲು ಹೋದದ್ದು ಮಾರಯ್ಯನ ಮನೆಗೆ. ಅವಳ ಅಪ್ಪ ಇದ್ದಾಗ ಅವನೂ ಇವನೂ ಒಂದೇ ಅಟ್ಟಣೆಯಲ್ಲಿ ಕೂತು ಬೆಳೆ ಕಾದವರು. ಮಾರಯ್ಯ ಐದು ಪ್ರಶ್ನೆಗೂ ತಲೆಯಾಡಿಸಿ ಏನೇನೋ ಹೇಳಿದ. ಪುಷ್ಪ ಆರನೆಯದನ್ನು ಓದಿದಳು: “ನಿಮಗೆ ಪರಿಹಾರ ಸಿಕ್ಕಿದೆಯೇ?”

ಮಾರಯ್ಯ ಕೂತಲ್ಲಿಂದ ಎದ್ದುಬಿಟ್ಟ. “ಪರಿಹಾರವಾ? ಎಲ್ ಸಿಕ್ತು ಮಗಾ! ಆನೆ ಬಂದು ಜೋಳವೆಲ್ಲಾ ತುಳ್ದು ಓಗಿ ಎಷ್ಟ್ ದಿನ ಆಯ್ತು, ಯಾರೂ ಇತ್ತ ತಲೆ ಆಕಿಲ್ಲ. ಇರು ಇರು, ಬಂದೆ.” ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಚೀಲ ತಂದ. ಅದರಲ್ಲಿ ಪಹಣಿ, ಆಧಾರಿನ ಜೆರಾಕ್ಸು, ತುಳಿದ ಬೆಳೆಯ ಮುಂದೆ ಅವನೇ ನಿಂತು ತೆಗೆಸಿಕೊಂಡ ಫೋಟೋ.

ಅಷ್ಟು ಸಾಕಾಯಿತು. ಆನೆ ಪರಿಹಾರದ ಪಟ್ಟಿ ಬರೆಯಲು ಬಂದಿದ್ದಾರಂತೆ ಎಂಬ ಸುದ್ದಿ ಬೀದಿಯಿಂದ ಬೀದಿಗೆ ಹಾರಿತು. ಅರ್ಧ ಗಂಟೆಯೊಳಗೆ ನಲವತ್ತು ಜನ ಅರಳಿಕಟ್ಟೆಯ ಹತ್ತಿರ ಪುಷ್ಪಳನ್ನು ಸುತ್ತುಗಟ್ಟಿದರು. ಎಲ್ಲರ ಕೈಯಲ್ಲೂ ಚೀಲ, ಎಲ್ಲರ ಚೀಲದಲ್ಲೂ ಪಹಣಿ. “ಎಂ ಪೇರು ಎಳುದಮ್ಮಾ,” ನನ್ನ ಹೆಸರು ಬರಿಯಮ್ಮಾ ಎಂದು ತಮಿಳು ಬೀದಿಯ ಹೆಂಗಸೊಬ್ಬಳು ಅವಳ ಸೆರಗು ಹಿಡಿದು ಜಗ್ಗುತ್ತಿದ್ದಳು.

“ಇದು ಆ ಪರಿಹಾರ ಅಲ್ಲ ಕಣ್ರವ್ವ,” ಎಂದಳು ಪುಷ್ಪ.

“ಮತ್ತಾವ ಪರಿಹಾರ?”

ಪುಷ್ಪ ಮತ್ತೆ ಟ್ಯಾಬ್ ನೋಡಿದಳು. ಗುಂಪಿನ ಹಿಂದಿನಿಂದ ಯಾರೋ ಕೂಗಿದರು: “ಸತ್ತೇಗಾಲದೋರ್ಗೆಲ್ಲಾ ಬರ್ಕೊಂಡು ನಮ್ಗೆ ಇಲ್ಲ ಅಂತಾವ್ಳೆ! ಗಂಡನ ಊರು ಸೇರ್ಕಂಡ್ ಮೇಲೆ ನಮ್ ಊರು ಯಾಕ್ ಬೇಕು ಅವ್ಳ್ಗೆ?”

ಹುಟ್ಟಿದ ಊರಿನಲ್ಲಿ ಅಂಥ ಮಾತು ಕೇಳಿ ಪುಷ್ಪಳ ಕಣ್ಣು ತುಂಬಿ ಬಂತು. ಮಾರಯ್ಯ ಮಧ್ಯೆ ಬಂದು, ಎಲ್ಲರನ್ನೂ ಗದರಿಸಿ, ಅವಳನ್ನು ಬಸ್ಸು ಹತ್ತಿಸಿದ.

ಬಸ್ಸಿನಲ್ಲಿ ಕೂತು ಟ್ಯಾಬ್ ತೆಗೆದು ಆರನೆಯ ಪ್ರಶ್ನೆಯ ಇಂಗ್ಲಿಷನ್ನು ಅಕ್ಷರ ಕೂಡಿಸಿಕೊಂಡು ಓದಿದಳು. ರಿಲೀವ್ಡ್. ಆ ಮಾತು ಅವಳಿಗೆ ಗೊತ್ತಿತ್ತು, ಆದರೆ ಆಫೀಸಿನ ಮಾತಾಗಿ. ಮೇಷ್ಟರಿಗೆ ವರ್ಗವಾದರೆ ‘ರಿಲೀವ್ ಆದ್ರು’ ಅನ್ನುತ್ತಾರೆ. ಅದಕ್ಕೂ ಸಂತೋಷಕ್ಕೂ ಏನು ಸಂಬಂಧ? ಅದಕ್ಕೂ ಆನೆ ಪರಿಹಾರಕ್ಕೂ ಏನು ಸಂಬಂಧ? ಮನೆಗೆ ಬಂದು, ಕೊಳ್ಳೇಗಾಲದಲ್ಲಿ ಡಿಗ್ರಿ ಓದುವ ಮಗಳು ಶೃತಿಗೆ ತೋರಿಸಿದಳು. ಶೃತಿ ಮೊಬೈಲಿನಲ್ಲಿ ಒಂದೊಂದೇ ಮಾತು ಹಾಕಿ ನೋಡಿದಳು. “ನಾಲ್ಕಕ್ಕೆ ಸಂತೋಷ ಅಂತಲೇ, ಉಳಿದೆರಡಕ್ಕೆ ಇದೇ ವಿಷಯ, ಪರಿಹಾರ ಅಂತಲೇ ತೋರಿಸ್ತದೆ ಕಣಮ್ಮ,” ಅಂದಳು.

ಮಾರನೆಯ ದಿನ ಪುಷ್ಪ ಸಮೀಕ್ಷೆಗೆ ಹೋಗಲಿಲ್ಲ. ಯಳಂದೂರಿನ ಬಸ್ಸು ಹತ್ತಿದಳು. ಹನೂರಿನಲ್ಲಿ ಅವಳಿಗೆ ಇಂಗ್ಲಿಷ್ ಕಲಿಸಿದ್ದ ಶಿವನಂಜಯ್ಯ ಮೇಷ್ಟರು ನಿವೃತ್ತರಾಗಿ ಅಲ್ಲಿ ಮಗನ ಮನೆಯಲ್ಲಿದ್ದರು. ಮುದುಕರು ಬಾಗಿಲ ಬಿಸಿಲಿನಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

“ಹೂಗ್ಯಂ ಪುಷ್ಪ ಅಲ್ವೇನಮ್ಮ? ಮೂರನೇ ಬೆಂಚು,” ಅಂದರು. “ಇಂಗ್ಲಿಷ್ ಅಂದ್ರೆ ಓಡಿಹೋಗ್ತಿದ್ದೋಳು, ಇಷ್ಟು ವರ್ಷದ ಮೇಲೆ ಅದನ್ನೇ ಹುಡುಕ್ಕೊಂಡು ಬಂದಿದ್ದೀಯ. ಕೂತ್ಕೊ. ಸುಮ್ಮನೆ ಕೂರಬೇಡ, ಒಂದು ಹಿಡಿ ಸುಲಿ.”

ಪುಷ್ಪ ಸುಲಿಯುತ್ತಲೇ ಎಲ್ಲವನ್ನೂ ಹೇಳಿಕೊಂಡಳು. ವಿಷಯದ ಕತೆ ಕೇಳಿ ಮೇಷ್ಟರು ನಕ್ಕರು, ಪರಿಹಾರದ ಕತೆ ಕೇಳಿ ನಗು ನಿಲ್ಲಿಸಿದರು. ಕನ್ನಡಕ ಹಾಕಿಕೊಂಡು ಟ್ಯಾಬ್ ನೋಡಿದರು.

“ಇದನ್ನ ಕನ್ನಡಕ್ಕೆ ತಂದದ್ದು ಮನುಷ್ಯರಲ್ಲಮ್ಮ, ಕಂಪ್ಯೂಟರ್. ಐದನೇದು ನೋಡು, ಕಂಟೆಂಟ್ ಅನ್ನೋದಕ್ಕೆ ಪುಸ್ತಕದೊಳಗಿನ ವಿಷಯ ಅಂತಲೂ ಅರ್ಥ ಇದೆ, ನೆಮ್ಮದಿ ಅಂತಲೂ ಇದೆ. ಅದಕ್ಕೆ ಯಾವುದು ಸಿಕ್ಕಿತೋ ಅದನ್ನ ಎತ್ತಿಕೊಂಡಿದೆ. ಪರಿಹಾರದ ಕತೇನೂ ಅದೇ.” ಸ್ವಲ್ಪ ಹೊತ್ತು ಕಾಳು ಸುಲಿದರು. “ಹ್ಯಾಪಿ ಅಂದ್ರೆ ನಮ್ಮ ಸಂತೋಷಾನೇ. ಅಗಲವಾದ ಮಾತು, ಎಲ್ಲಿ ಹಾಸಿದರೂ ಆಗುತ್ತೆ. ಗ್ಲ್ಯಾಡ್‌ಗೆ ಮಾತ್ರ ಒಂದು ಕಾರಣ ಬೇಕು. ನೀನು ಬಂದೆಯಲ್ಲ, ಬಂದದ್ದು ಒಳ್ಳೇದಾಯ್ತು ಅನ್ನಿಸ್ತು ನನಗೆ. ಅದು ಗ್ಲ್ಯಾಡ್. ಪ್ಲೀಸ್ಡ್‌ನಲ್ಲಿ ಮೆಚ್ಚಿಗೆ ಇರುತ್ತೆ. ಸೊಸೆ ಮಾಡಿದ ಸಾರು ಚೆನ್ನಾಗಿದ್ದರೆ ಮಾವ ತಲೆದೂಗ್ತಾನೆ ನೋಡು, ಅಂಥದ್ದು.”

“ತಲೆ ತೂಗಿದ್ದು ನಾನಂತೂ ನೋಡಿಲ್ಲ,” ಅಂತ ಒಳಗಿನಿಂದ ಸೊಸೆಯ ದನಿ ಬಂತು.

ಮೇಷ್ಟರು ಕೇಳಿಸದವರಂತೆ ಮುಂದುವರಿಸಿದರು. “ಡಿಲೈಟೆಡ್ ಅಂದ್ರೆ ಹಿಗ್ಗು. ಮುಚ್ಚಿಟ್ಟರೂ ಮುಖದಲ್ಲಿ ನಿಲ್ಲಲ್ಲ, ಹೊರಗೆ ಬಂದುಬಿಡುತ್ತೆ. ಕಂಟೆಂಟ್ ಹಾಗಲ್ಲ. ಉಂಡು ಎದ್ದೇಳೋ ಹೊತ್ತಿಗೆ ಇನ್ನೊಂದು ಸೌಟು ಬಡಿಸೋಕೆ ಬಂದರೆ ಎಲೆಗೆ ಕೈ ಅಡ್ಡ ಹಿಡೀತೀವಿ. ಕೋಪಕ್ಕಲ್ಲ, ಹೊಟ್ಟೆ ತುಂಬಿದ್ದಕ್ಕೆ. ಸಾಕು ಅನ್ನೋ ಮಾತಿದೆಯಲ್ಲ, ಅದು.”

“ರಿಲೀವ್ಡ್ ಸಾ?”

“ಅದನ್ನ ನೀನೇ ಹೇಳು. ಬಲು ಹೆದರಿಕೊಂಡಿದ್ದು, ಆಮೇಲೆ ಏನೂ ಆಗಲಿಲ್ಲ ಅಂತ ಗೊತ್ತಾದದ್ದು ಯಾವಾಗ?”

ಪುಷ್ಪ ಹೆಚ್ಚು ಯೋಚಿಸಬೇಕಾಗಲಿಲ್ಲ. “ಎರಡ್ ವರ್ಸದ ಕೆಳಗೆ ಶೃತಿಗೆ ಡೆಂಗಿ ಜ್ವರ ಬಂದಿತ್ತು ಸಾ. ಮೂರು ದಿನ ಆಸ್ಪತ್ರೇಲಿ ರಕ್ತ ಇಳೀತಾನೇ ಇತ್ತು. ನಾಕನೇ ದಿನ ಬೆಳಿಗ್ಗೆ ಡಾಕ್ಟ್ರು ಬಂದು, ಇನ್ನೇನ್ ಭಯ ಇಲ್ಲ ಕಣಮ್ಮ ಅಂದ್ರು. ನಾ ಅಲ್ಲೇ ಮೆಟ್ಲ ಮೇಲೆ ಕುಂತ್ಬುಟ್ಟೆ.”

“ನಗು ಬಂತಾ?”

“ಇಲ್ಲ ಸಾ. ಅಳು ಬಂತು.”

“ಅದೇ ರಿಲೀವ್ಡ್,” ಅಂದರು ಮೇಷ್ಟರು. “ಆಫೀಸಿನ ರಿಲೀವ್ ಕೂಡ ಅದರ ನೆಂಟನೇ. ಎರಡರಲ್ಲೂ ಹೊರೆ ಇಳಿಸೋದೇ ಇರೋದು. ಆದರೆ ಇದಕ್ಕೆ ಮೊದಲು ಭಯ ಬಂದಿರಬೇಕು. ಭಯವೇ ಕಾಣದೋರಿಗೆ ಇದು ಸಿಕ್ಕಲ್ಲ.”

ಬರುವಾಗ ಮೇಷ್ಟರು ಹಳೆಯ ಕ್ಯಾಲೆಂಡರಿನ ಒಂದು ಹಾಳೆ ಹರಿದುಕೊಟ್ಟರು. ಅದರ ಬೆನ್ನಿಗೆ ಪುಷ್ಪ ಬಸ್ಸಿನಲ್ಲೇ ಆರೂ ಪ್ರಶ್ನೆಯನ್ನು ತನ್ನ ಮಾತಿನಲ್ಲಿ ಬರೆದಳು. ಒಂದಕ್ಷರ ಆಚೆ ಈಚೆ ಆಗಬಾರದು ಎಂದು ಬಿಳಿಗಿರಿ ಹೇಳಿದ್ದು ನೆನಪಿತ್ತು. ಬರೆದಂತೆ ಓದಿದರೆ ಜನಕ್ಕೆ ಮೋಸ, ತಿದ್ದಿ ಓದಿದರೆ ಸಂಸ್ಥೆಗೆ ಮೋಸ. ಕೊಳ್ಳೇಗಾಲ ಬರುವವರೆಗೂ ಅತ್ತ ಇತ್ತ ತೂಗಿ, ಕೊನೆಗೆ ಜನಕ್ಕೆ ಮೋಸ ಮಾಡಲಾರೆ ಅಂದುಕೊಂಡಳು. ಬಿಳಿಗಿರಿಗೆ ಒಂದು ಫೋನ್ ಮಾಡಿ ಕೇಳಬಹುದಿತ್ತು. ಬೇಡ ಅಂದುಬಿಟ್ಟರೆ ಎಂಬ ಹೆದರಿಕೆಗೆ ಮಾಡಲಿಲ್ಲ.

ಮತ್ತೆ ಹೂಗ್ಯಂಗೆ ಹೋದಳು. ಮೊದಲು ಅರಳಿಕಟ್ಟೆಯಲ್ಲಿ ನಿಂತು, ಕನ್ನಡದಲ್ಲೊಂದು ಸಲ, ತಮಿಳಿನಲ್ಲೊಂದು ಸಲ, ಇದು ಆನೆಯ ಪಟ್ಟಿ ಅಲ್ಲ, ಅವತ್ತು ಓದಿದ ಮಾತೇ ತಪ್ಪು ಎಂದು ಹೇಳಿದಳು. ಕೆಲವರು ಗೊಣಗಿದರು, ಹೆಚ್ಚಿನವರು ಒಪ್ಪಿದರು. ಆಮೇಲೆ ಮಾರಯ್ಯನ ಮನೆಗೆ ಹೋಗಿ ಕೂತು ಕ್ಯಾಲೆಂಡರಿನ ಹಾಳೆ ಬಿಡಿಸಿದಳು.

“ಈಚ್ಗೆ ಯಾವತ್ತಾರ, ಏನಾಯ್ತೋ ಏನೋ ಅಂತ ಎದ್ರುಕೊಂಡಿದ್ದು, ಏನೂ ಆಗ್ನಿಲ್ಲ, ಸದ್ಯ ಉಸ್ಸಪ್ಪಾ ಅಂತ ಎದೆ ಅಗುರ ಆಯ್ತಾ ಮಾವ?”

ಮಾರಯ್ಯ ಹೆಂಡತಿ ಹತ್ತಿರದಲ್ಲಿದ್ದಾಳೋ ಎಂದು ಹಿತ್ತಲ ಕಡೆ ಒಮ್ಮೆ ನೋಡಿಕೊಂಡ. ಆಮೇಲೆ ಹೇಳಿದ: “ಓದ್ ವಾರ. ನಿಮ್ಮತ್ತೆ ಹುಣ್ಸೆ ಹಣ್ ಆಯಕ್ಕೆ ಓಗಿದ್ಲು. ಆ ಕಡೇಲೇ ಆನೆ ಅದೆ ಅಂತ ಸುದ್ದಿ ಬಂತು. ಕೂಗುದ್ರೂ ಓ ಅನ್ನದಿಲ್ಲ. ಮಧ್ಯಾಹ್ನ ತಿರುಗ್ತು, ಬರ್ನಿಲ್ಲ. ನಾ ಮುಗೀತು ಅಂದ್ಕಂಡೆ. ಆಮೇಲೆ ಬೇರೆ ದಾರೀಲಿ ಬಂದು ಬಾಗ್ಲಲ್ಲಿ ನಿಂತ್ಕಂಡು, ಕಾಲ್ ತೊಳ್ಕಳಕ್ಕೆ ನೀರ್ ತತ್ತಾ ಅಂದ್ಲು. ಬೈದ್ಬುಟ್ಟೆ ಮಗಾ. ಬಾಯ್ಗ್ ಬಂದಂಗೆ ಬೈದೆ. ಆಮೇಲೆ ಇತ್ಲಿಗೋಗಿ ಒಬ್ನೇ ಕುಂತ್ಕಂಡಿದ್ದೆ.”

ಪುಷ್ಪ ‘ಹೌದು’ ಒತ್ತಿದಳು.

ಅಲ್ಲಿಂದ ಮುಂದೆ ಕೆಲಸ ನಿಧಾನವಾಯಿತು, ಏಕೆಂದರೆ ಜನ ಮಾತಾಡತೊಡಗಿದರು. ಆರನೆಯ ಪ್ರಶ್ನೆಗಂತೂ ಒಬ್ಬರೂ ಬರೀ ಹೌದು, ಇಲ್ಲ ಅಂದು ಮುಗಿಸಲಿಲ್ಲ. ಬೈಕಿನಿಂದ ಬಿದ್ದ ಮಗನಿಗೆ ಮೊಣಕೈ ಮಾತ್ರ ತರಚಿದ್ದು, ಕೆಟ್ಟ ಗಂಟು ಅಂತ ಊರ ಡಾಕ್ಟರು ಹೆದರಿಸಿ ಕಳಿಸಿದ್ದವಳಿಗೆ ಮೈಸೂರಿನ ಆಸ್ಪತ್ರೆಯವರು ಬರೀ ಕೊಬ್ಬು ಅಂದದ್ದು, ಕಳೆದುಹೋದ ಎಮ್ಮೆ ಮೂರನೆಯ ದಿನ ತಾನೇ ಕೊಟ್ಟಿಗೆಗೆ ಬಂದು ನಿಂತದ್ದು. ಬೇರೆ ಸಂತೋಷಗಳನ್ನು ಹೇಳಲು ಜನ ನಾಚುತ್ತಿದ್ದರು, ಎಲ್ಲಿ ದೃಷ್ಟಿ ತಾಗೀತೋ ಎಂಬಂತೆ. ಇದನ್ನು ಮಾತ್ರ ಪೂರ್ತಿ ಹೇಳಿ ಮುಗಿಸಿ, ಹೇಳಿದ್ದಕ್ಕೇ ಇನ್ನೊಂದಿಷ್ಟು ಹಗುರಾಗಿ, ಪುಷ್ಪಳನ್ನು ಬೀದಿಯ ತಿರುವಿನವರೆಗೂ ಬಂದು ಕಳಿಸುತ್ತಿದ್ದರು.

ಮೊದಲ ಎರಡು ದಿನ ಕೇಳಿದ್ದ ಧನಗೆರೆ ಕಡೆಯ ಮನೆಗಳಿಗೂ ಮತ್ತೆ ಹೋಗಿ ಎಲ್ಲವನ್ನೂ ಹೊಸದಾಗಿ ಕೇಳಿದಳು. ಚಿಕ್ಕಮಾದಮ್ಮ ಸಂತೋಷಕ್ಕೆ ಈ ಸಲವೂ ಇಲ್ಲ ಅಂದಳು. ಆದರೆ “ಇದ್ದದ್ರಲ್ಲಿ ನೆಮ್ದಿಯಾಗಿದ್ದೀರಾ, ಇಷ್ಟು ಸಾಕು ಅನ್ಸದಾ?” ಎಂದು ಕೇಳಿದಾಗ, “ಉಣ್ಣಕ್ಕಿದೆ, ಸೊಸೆ ಒಳ್ಳೇವ್ಳು, ಮೊಣಕಾಲು ಒಂದ್ ಬುಟ್ರೆ ಇನ್ನೇನೂ ನೋವಿಲ್ಲ. ಸಾಕು ಕಣವ್ವ,” ಅಂದಳು.

ಹೀಗೆ ಹತ್ತು ದಿನ ಕಳೆಯಿತು. ಹನ್ನೊಂದನೆಯ ದಿನ ಮಧ್ಯಾಹ್ನ ಬಿಳಿಗಿರಿಯ ಫೋನ್ ಬಂತು. ದನಿ ಬಿಗಿಯಾಗಿತ್ತು.

“ಪುಷ್ಪಕ್ಕ, ನಿಮ್ಮ ಉತ್ತರಗಳು ಬೇರೆ ಯಾರದ್ದಕ್ಕೂ ತಾಳೆ ಆಗ್ತಿಲ್ಲ. ಟ್ಯಾಬ್ ನಡುನಡುವೆ ದನಿ ರೆಕಾರ್ಡ್ ಮಾಡ್ಕೊಳ್ಳುತ್ತೆ, ನಿಮಗೆ ಹೇಳಿದ್ದೆ. ಕೇಳಿದೆ. ಫಾರಂನಲ್ಲಿ ಒಂದಿದೆ, ನೀವು ಕೇಳಿರೋದು ಇನ್ನೊಂದು. ಪುಣೆ ಮೇಡಂ ಬರ್ತಿದಾರೆ. ನಾಡಿದ್ದು ಹತ್ತು ಗಂಟೆಗೆ ಕೊಳ್ಳೇಗಾಲಕ್ಕೆ ಬನ್ನಿ.”

ಪುಷ್ಪಳಿಗೆ ಹಳೆಯದೊಂದು ನೆನಪಾಯಿತು. ಎಂಟು ವರ್ಷದ ಕೆಳಗೆ ಒಂದು ಸಮೀಕ್ಷೆಯಲ್ಲಿ ಯಾರೋ ಒಬ್ಬ ಮನೆಯಲ್ಲೇ ಕೂತು ಫಾರಂ ತುಂಬಿದ್ದಕ್ಕೆ ಅಷ್ಟೂ ಜನರನ್ನು ಕರೆಸಿ, ಕಳ್ಳರನ್ನು ಕೂರಿಸಿದ ಹಾಗೆ ಸಂಜೆಯವರೆಗೂ ಹೊರಗೆ ಕೂರಿಸಿದ್ದರು. ಆ ದಿನ ಅವಳದು ಏನೂ ತಪ್ಪಿರಲಿಲ್ಲ. ಈ ಸಲ ಮಾತು ಬದಲಾಯಿಸಿದ್ದಂತೂ ನಿಜ. ಅಲ್ಲಿಂದ ಊಟ ಸೇರಲಿಲ್ಲ. ಇನ್ನು ಯಾವ ಸಮೀಕ್ಷೆಗೂ ಕರೆಯುವುದಿಲ್ಲ ಎನ್ನುವುದಕ್ಕಿಂತ, ಸುಳ್ಳು ಬರೆದವಳು ಎಂಬ ಹೆಸರು ಬಂದರೆ ಈ ಊರುಗಳಲ್ಲಿ ತಲೆಯೆತ್ತಿ ನಡೆಯುವುದು ಹೇಗೆ ಎಂಬುದೇ ಅವಳನ್ನು ಕೊರೆಯುತ್ತಿತ್ತು.

ಅತ್ತೆ ಪುಟ್ಟಗೌರಮ್ಮ ಒಂದು ದಿನ ನೋಡಿದಳು, ಎರಡು ದಿನ ನೋಡಿದಳು. ಹೊರಡುವ ಬೆಳಿಗ್ಗೆ ಅಂದಳು: “ನೀ ಯಾರ್ ಮನೆ ಆಳ್ಮಾಡಿದ್ದೀಯೆ ಅಂತ ಇಂಗಿದ್ದೀಯೆ? ಕೇಳ್ದೋರ್ಗೆ ತಿಳೀಲಿ ಅಂತ ತಿಳಿಯೋ ಮಾತಲ್ಲಿ ಕೇಳಿದ್ದೀಯೆ. ಓಗು, ಇದ್ದದ್ದ ಇದ್ದಂಗೆ ಏಳು.”

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹತ್ತಿರ ಮಹಡಿಯ ಮೇಲೊಂದು ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದರು. ಪುಣೆಯ ಮೇಡಂ ಲ್ಯಾಪ್‌ಟಾಪ್ ಮುಂದೆ ಕೂತಿದ್ದರು. ಐವತ್ತರ ಹೆಂಗಸು, ಹತ್ತಿಸೀರೆ, ಕನ್ನಡ ಒಂದಕ್ಷರ ಬಾರದು. ಬಿಳಿಗಿರಿಯೇ ನಡುವೆ ನಿಂತು ಅವರ ಮಾತನ್ನು ಇವಳಿಗೆ, ಇವಳ ಮಾತನ್ನು ಅವರಿಗೆ ಹೇಳಬೇಕಿತ್ತು.

“ಬೇರೆಯವರದ್ದೆಲ್ಲ ಆರನೇ ಪ್ರಶ್ನೆ ನೆಲ ಕಚ್ಚಿದೆ. ಎಲ್ಲರೂ ಇಲ್ಲ ಅಂದಿದಾರೆ. ನಿಮ್ಮ ಊರುಗಳಲ್ಲಿ ಮಾತ್ರ ಎಲ್ಲಕ್ಕಿಂತ ಮೇಲಿರೋದು ಅದೇ. ಯಾಕೆ ಅಂತ ಮೇಡಂ ಕೇಳ್ತಿದಾರೆ.”

“ಮಾತ ಬದಲಾಯಿಸಿದ್ದು ನಾನೇ ಸಾ,” ಅಂದಳು ಪುಷ್ಪ. “ಮನೇಲಿ ಕುಂತು ಬರ್ದಿಲ್ಲ. ಮೊದ್ಲು ಕೇಳಿದ್ ಮನೆಗೆಲ್ಲಾ ಎರಡ್ನೇ ಸಲಾನೂ ಓಗಿದ್ದೀನಿ. ನಿಮ್ ಅಪ್ಪಣೆ ಕೊಟ್ರೆ ಒಂದ್ ಮಾತು. ಟ್ಯಾಬ್‌ನಲ್ಲಿರೋ ಆರನೇ ಪ್ರಶ್ನೆಯ ನಿಮಗೇ ಕೇಳ್ತೀನಿ, ಉತ್ರ ಏಳಿ.”

ಬಿಳಿಗಿರಿ ಮೇಡಂ ಕಡೆ ನೋಡಿದ. ಅವರು ಆಗಲಿ ಎಂದು ತಲೆಯಾಡಿಸಿದರು.

“ನಿಮಗೆ ಪರಿಹಾರ ಸಿಕ್ಕಿದೆಯೇ?”

“ಇಲ್ಲ, ಮಳೇಲಿ ಗೋಡೆ ಬಿದ್ದದ್ದಕ್ಕೆ ಅರ್ಜಿ ಕೊಟ್ಟಿದ್ದೆ, ಇನ್ನೂ...” ಎಂದು ಶುರುಮಾಡಿದವನು ಅರ್ಧಕ್ಕೇ ಬಾಯಿ ಮುಚ್ಚಿದ. ಮುಖ ಕೆಂಪಾಯಿತು.

“ಈಗ ನನ್ ಮಾತಲ್ಲಿ ಕೇಳ್ತೀನಿ ಸಾ. ಈಚ್ಗೆ ಯಾವತ್ತಾರ, ಏನಾಯ್ತೋ ಅಂತ ಎದ್ರುಕೊಂಡಿದ್ದು, ಏನೂ ಆಗ್ನಿಲ್ಲ ಅಂತ ಎದೆ ಅಗುರ ಆಯ್ತಾ?”

ಬಿಳಿಗಿರಿ ಕಿಟಕಿಯ ಕಡೆ ತಿರುಗಿದ. ಕೆಳಗೆ ಹನೂರಿನ ಬಸ್ಸಿಗೆ ಕಂಡಕ್ಟರ್ ಕೂಗುತ್ತಿದ್ದ. “ನನ್ನ ಹೆಂಡತಿಗೆ ಏಳು ತಿಂಗಳು ಪುಷ್ಪಕ್ಕ,” ಅಂದ ಮೆಲ್ಲಗೆ. “ಹೋದ ತಿಂಗಳು ಒಂದಿಡೀ ದಿನ ಮಗು ಅಲುಗಾಡಲೇ ಇಲ್ಲ. ಸ್ಕ್ಯಾನಿಂಗ್‌ಗೆ ಕರ್ಕೊಂಡು ಹೋದೆ. ಡಾಕ್ಟರು ಏನೂ ಮಾತಾಡದೆ ನೋಡ್ತಾನೇ ಇದ್ರು. ಆಮೇಲೆ ಎದೆಬಡಿತ ಕೇಳಿಸಿದ್ರು. ಟಕಟಕ ಅಂತ. ಹೊರಗೆ ಬಂದು ಯಾರದೋ ಬೈಕಿಗೆ ನನ್ನ ಕೀ ಹಾಕ್ತಾ ನಿಂತಿದ್ದೆ.”

ಮೇಡಂ ಏನೆಂದು ಕೇಳಿದರು. ಅವನು ಇಂಗ್ಲಿಷಿನಲ್ಲಿ ಹೇಳಿದ. ಆಮೇಲೆ ಟ್ಯಾಬ್ ತೋರಿಸಿ, ಪರಿಹಾರ ಅಂದರೆ ನಮ್ಮ ಕಡೆ ಸರ್ಕಾರ ಕೊಡುವ ಹಣ ಎಂದ. ‘ನೀವು ವಿಷಯವೇ’ ಎಂಬುದನ್ನೂ ಬಿಡಿಸಿ ಹೇಳಿದ. ಮೇಡಂ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾರೇನೋ ಎಂದು ಪುಷ್ಪ ಗಾಬರಿಯಾದಳು. ಕೈ ತೆಗೆದಾಗ ನೋಡಿದರೆ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ನಕ್ಕು ಮುಗಿದ ಮೇಲೆ ಮಂಕಾದರು. ಉಳಿದ ಹತ್ತೊಂಬತ್ತು ಜನ ಕೇಳಿ ತಂದದ್ದೆಲ್ಲ ದಂಡವಾಗಿತ್ತಲ್ಲ. ಪುಷ್ಪಳ ಕ್ಯಾಲೆಂಡರಿನ ಹಾಳೆಯನ್ನು ಕೇಳಿ ಇಸಿದುಕೊಂಡು, ಬಿಳಿಗಿರಿಯಿಂದ ಒಂದೊಂದೇ ಸಾಲಿನ ಅರ್ಥ ಹೇಳಿಸಿಕೊಂಡರು. ಬಹಳ ಹೊತ್ತು ಹಿಡಿಯಿತು.

ಕೊನೆಗೆ ಬಿಳಿಗಿರಿ ಹೇಳಿದ: “ಕಂಪ್ಯೂಟರಲ್ಲಿ ಕನ್ನಡಕ್ಕೆ ಮಾಡಿಸಿದ ಮೇಲೆ ಬಲ್ಲೋರ ಕೈಲಿ ಒಂದ್ಸಲ ಓದಿಸಲಿಲ್ಲ, ಅದು ನಮ್ಮ ತಪ್ಪು ಅಂತಿದಾರೆ ಮೇಡಂ. ನಿಮ್ಮ ಪ್ರಶ್ನೆಗಳನ್ನೇ ಇಟ್ಕೊಂಡು ಎಲ್ಲ ಊರನ್ನೂ ಮತ್ತೆ ಕೇಳಿಸ್ತಾರಂತೆ. ಆದ್ರೆ ಒಂದು ಮಾತು ಹೇಳು ಅಂದ್ರು. ಮೊದಲನೇ ದಿನವೇ ನೀವು ಫೋನ್ ಮಾಡಬೇಕಿತ್ತು.”

“ಔದು ಸಾ. ಅದು ನನ್ ತಪ್ಪೇ.”

“ನಾನೂ ಮೊದ್ಲು ಕೇಳದೆ ನಿಮ್ಮನ್ನ ಅನುಮಾನಿಸಿದೆ,” ಅಂದ ಬಿಳಿಗಿರಿ. “ಬೇಜಾರು ಮಾಡ್ಕೋಬೇಡಿ ಅಕ್ಕ.”

ಮುಂದಿನ ವಾರ ಹನೂರಿನಲ್ಲಿ ಅಷ್ಟೂ ಜನರನ್ನು ಸೇರಿಸಿ, ಆರು ಪ್ರಶ್ನೆಗಳನ್ನು ಹೇಗೆ ಕೇಳಬೇಕೆಂದು ಪುಷ್ಪಳಿಂದಲೇ ಹೇಳಿಸಿದರು. ಯಳಂದೂರು ಕಡೆಯ ಇಬ್ಬರು ಒಂದೆರಡು ಮಾತನ್ನು ಅವಳಿಗಿಂತ ಚೆನ್ನಾಗಿ ತಿದ್ದಿಕೊಟ್ಟರು. ಆದರೆ ಅದೆಲ್ಲ ಆಮೇಲಿನ ಮಾತು.

ಆ ದಿನ ಅವಳು ಮಹಡಿಯ ಮೆಟ್ಟಿಲಿಳಿದು ಬಂದು ಸತ್ತೇಗಾಲದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಳು. ಬಸ್ಸು ಹೊರಟು ಗಾಳಿ ಮುಖಕ್ಕೆ ಬಡಿದ ಮೇಲೇ, ಎರಡು ದಿನದಿಂದ ಹಲ್ಲು ಕಚ್ಚಿಕೊಂಡೇ ಇದ್ದೆ ಎಂದು ಗೊತ್ತಾದದ್ದು. ದವಡೆ ನೋಯುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು, “ಯಾಕವ್ವ ಅಳ್ತಾ ಇದ್ದೀಯೆ, ಏನಾರ ಆಯ್ತಾ?” ಎಂದು ಕೇಳಿದಳು. “ಏನೂ ಆಗ್ನಿಲ್ಲ ಕಣಕ್ಕ, ಏನೂ ಆಗ್ನಿಲ್ಲ,” ಎಂದು ಪುಷ್ಪ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಮನೆಗೆ ಬಂದಾಗ ಮೂರು ಗಂಟೆ. ಪುಟ್ಟಗೌರಮ್ಮ ಸೊಸೆಯ ಮುಖ ನೋಡಿದಳು. ತಟ್ಟೆಗೆ ಮುದ್ದೆ ಹಾಕಿ, ಮಸ್ಸೊಪ್ಪಿನ ಸಾರು ಬಿಟ್ಟಳು. ಪುಷ್ಪ ಉಂಡಳು. ಇನ್ನರ್ಧ ಮುದ್ದೆ ಹಾಕಿಸಿಕೊಂಡಳು. ಆಮೇಲೆ ಕೈ ತೊಳೆದು, ತೆಂಗಿನ ನೆರಳು ಬಿದ್ದಿದ್ದ ಜಗಲಿಯ ಮೇಲೆ ಚಾಪೆ ಹಾಸಿ ಮಲಗಿದವಳು, ಶಾಂತರಾಜು ಗದ್ದೆಯಿಂದ ಬಂದು ಎಬ್ಬಿಸುವವರೆಗೂ ಏಳಲಿಲ್ಲ.